ಎರಡು ಸಾವಿರದ ಪಶ್ಮಿನಾ

ಶ್ರೀನಗರದಿಂದ ತಂದ ಬಟ್ಟೆ ಇನ್ನೂ ಒಗೆದಿಲ್ಲ. ಅಲ್ಲಿ ಪಶ್ಮಿನಾ ನೂಲುವ ಅಜ್ಜಿಯ ಮಾತು ಮಾತ್ರ ತಲೆ ಬಿಟ್ಟು ಹೋಗುತ್ತಿಲ್ಲ.

ಹಳೇ ಪೇಟೆಯ ಮನೆ. ಅಜ್ಜಿ ಕಿಟಕಿ ಪಕ್ಕ ಚರಕದ ಮುಂದೆ ಕೂತಿದ್ದರು. ಅದಕ್ಕೆ ಅಲ್ಲಿ ಯಿಂದರ್ ಅಂತಾರೆ. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈ ಹಿಂದಕ್ಕೆ ಸರಿದಂತೆ ಎಳೆ ಹೊರಡುತ್ತಿತ್ತು. ಬೆಳಕಿಗೆ ಓರೆಯಾಗಿ ನೋಡಿದರಷ್ಟೇ ಕಾಣುವ ಎಳೆ. ಪಕ್ಕದ ತಟ್ಟೆಯಲ್ಲಿ ಅಕ್ಕಿಹಿಟ್ಟು ಹಾಕಿಟ್ಟ ಪಶ್ಮಿನಾ, ಅಂದರೆ ಆಡಿನ ನವಿರು ತುಪ್ಪಳ. ಹಿಟ್ಟು ಹಾಕಿದರೆ ಅದು ಚೆನ್ನಾಗಿ ಹದವಾಗುತ್ತಂತೆ. ಚಳ್ಳಕೆರೆ ಕಡೆ ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವುದು ನೆನಪಾಯಿತು.

ನಮ್ಮ ಗುಂಪಿನಲ್ಲೊಬ್ಬರು ನಿವೃತ್ತ ಅಧಿಕಾರಿ. ಹೋದಲ್ಲೆಲ್ಲ ರೇಟು ಕೇಳುವ ಪೈಕಿ. "ಮಾರ್ಕೆಟ್‌ನಲ್ಲಿ ಪಶ್ಮಿನಾ ಶಾಲು ಎರಡು ಸಾವಿರಕ್ಕೇ ಸಿಗುತ್ತಲ್ಲ?" ಅಂದರು, ಹಿಂದಿಯಲ್ಲಿ. ಅಜ್ಜಿ ಕೈ ನಿಲ್ಲಿಸದೆ ಕಾಶ್ಮೀರಿಯಲ್ಲಿ ಏನೋ ಅಂದು ನಕ್ಕರು. ಸೊಸೆ ಹಿಂದಿಗೆ ತಂದಳು: "ಹಾಗಾದ್ರೆ ನನಗೂ ಒಂದು ತಂದುಕೊಡಲಿ. ಇಷ್ಟು ವರ್ಷ ನೂತೆ, ಹೊದ್ದಿಲ್ಲ."

ಎಲ್ಲರೂ ನಕ್ಕರು, ಆ ಅಧಿಕಾರಿಯೂ ನಕ್ಕರು. ಹೊದ್ದಿಲ್ಲ ಅಂದರಲ್ಲ, ಅದಕ್ಕೆ ನಗೋದು ಹೇಗೆ?

ಲಡಾಖಿನ ಚಾಂಗ್‌ಥಾಂಗ್‌ನಲ್ಲಿ, 14,000 ಅಡಿಗೂ ಮೇಲೆ, ಚಾಂಗ್ಪಾ ಜನ ಆಡು ಮೇಯಿಸುತ್ತಾರೆ. ಅಲ್ಲಿನ ಚಳಿಗೇ ಆಡಿನ ಒರಟು ಕೂದಲ ಕೆಳಗೆ ಈ ತುಪ್ಪಳ ಬೆಳೆಯೋದು. ಚಳಿ ಇಳಿದಾಗ ಬಾಚಿ ತೆಗೀತಾರೆ. ತುಪ್ಪಳದ ಒಂದು ನಾರಿನ ದಪ್ಪ 12ರಿಂದ 16 ಮೈಕ್ರಾನ್; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒರಟು ಕೂದಲು ಬೇರ್ಪಡಿಸಿದ ಮೇಲೆ ಒಂದು ಆಡಿನಿಂದ ಇನ್ನೂರು ಗ್ರಾಂ ಕೂಡ ಉಳಿಯಲ್ಲ. ಆಮೇಲೆ ಶ್ರೀನಗರ, ಈ ಕಿಟಕಿ, ಮಗ್ಗ, ಕಸೂತಿ ಇದ್ದರೆ ಸೋಜ್ನಿ ಅನ್ನೋ ನವಿರು ಕಸೂತಿಯವರ ಸೂಜಿ. ಹತ್ತು ಎಳೆ ಸೇರಿದರೆ ಒಂದು ಗಂಟು. ನೂಲುವವರಿಗೆ ಗಂಟಿಗೆ ಒಂದು ರೂಪಾಯಿ ಅನ್ನೋ ದರ ಎಷ್ಟೋ ವರ್ಷ ಹಾಗೇ ನಡೆಯಿತು!

ಯಂತ್ರಕ್ಕೆ ಇಷ್ಟು ನವಿರು ಎಳೆ ತಡೆಯಲ್ಲ ಅಂತ ನೈಲಾನ್ ಬೆರೆಸಿ ನೂತು, ನೇಯ್ದ ಮೇಲೆ ಆಸಿಡ್‌ನಲ್ಲಿ ನೈಲಾನ್ ಕರಗಿಸ್ತಾರೆ. ಬಟ್ಟೆ ಬಾಳಿಕೆ ಬರೋದಿಲ್ಲ. 2008ರಲ್ಲಿ ಕಾಶ್ಮೀರ ಪಶ್ಮಿನಾಕ್ಕೆ ಜಿಐ, ಅಂದರೆ ಊರಿನ ಹೆಸರನ್ನು ಕಾನೂನಿನಲ್ಲಿ ಕಾಯುವ ಭೌಗೋಳಿಕ ಗುರುತು, ಸಿಕ್ಕಿತು. ಕೈಯಲ್ಲಿ ನೂತು ಕೈಯಲ್ಲೇ ನೇಯ್ದಿದ್ದಕ್ಕೆ ಮಾತ್ರ ಆ ಲೇಬಲ್.

ಸಂಜೆ ನಮ್ಮ ಅಧಿಕಾರಿಗಳು ಬೀದಿಯಲ್ಲಿ ಎರಡು ಶಾಲು ಕೊಂಡರು. ಅಂಗಡಿಯವನು ಉಂಗುರದೊಳಗೆ ಹಾಯಿಸಿ ತೋರಿಸಿದನಂತೆ. ತೆಳ್ಳಗಿನ ರೇಷ್ಮೆ, ರೇಯಾನ್ ಕೂಡ ಉಂಗುರದಲ್ಲಿ ಸಲೀಸಾಗಿ ಹಾಯುತ್ತೆ ಸ್ವಾಮಿ, ಅನ್ನಬೇಕೆನಿಸಿತು. ಅವರ ಹೆಂಡತಿ ಖುಷಿಯಾಗಿದ್ದರು, ಸುಮ್ಮನಾದೆ.

ಕೈಕಸುಬು ಉಳೀಬೇಕು ಅಂತ ನಾವೆಲ್ಲ ಹೇಳ್ತೀವಿ. ಉಳಿಸೋಕೆ ಬೇರೆಯವರ ಮನೆ ಮಕ್ಕಳು ಬೇಕು, ಅಲ್ವಾ? ಹೊರಡುವಾಗ ಸೊಸೆಯನ್ನು ಕೇಳಿದೆ, ಮಗಳೂ ನೂಲ್ತಾಳಾ ಅಂತ.

"ಅವಳು ನರ್ಸಿಂಗ್ ಓದ್ತಿದ್ದಾಳೆ," ಅಂದಳು. ಅತ್ತೆಯ ಕಡೆ ಕಣ್ಣು ಹಾಯಿಸಿ, "ಫೀಸ್ ಇವರದೇ," ಅಂತ ಸೇರಿಸಿದಳು.