ಅಚ್ಚು ಕೊರೆಯುವ ಊರಿನಿಂದ

ಚೀನಾದ ಸರಕು ಅಗ್ಗವಾಗಿರುವುದಕ್ಕೆ ಅಲ್ಲಿನ ಕಡಿಮೆ ಕೂಲಿಯೇ ಕಾರಣ ಎಂಬ ಮಾತನ್ನು ರಜೆಗೆ ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಅದು ಬಹುಮಟ್ಟಿಗೆ ನಿಜವಾಗಿತ್ತು. ಈಗ ನಾನಿರುವ ಶೆಂಜೆನ್‌ನಲ್ಲಿ 2025ರಿಂದ ಜಾರಿಯಲ್ಲಿರುವ ಕನಿಷ್ಠ ವೇತನವೇ ತಿಂಗಳಿಗೆ 2,520 ಯುವಾನ್, ಅಂದರೆ ಸುಮಾರು ಮೂವತ್ತು ಸಾವಿರ ರೂಪಾಯಿ. ಕಸುಬು ಬಲ್ಲ ಕೆಲಸಗಾರ ಆ ಸಂಬಳದತ್ತ ತಿರುಗಿಯೂ ನೋಡುವುದಿಲ್ಲ. ವಿಯೆಟ್ನಾಂ, ಬಾಂಗ್ಲಾದೇಶಗಳಲ್ಲಿ ಕೂಲಿ ಇದಕ್ಕಿಂತ ಎಷ್ಟೋ ಕಡಿಮೆ. ಆದರೂ ಜಗತ್ತಿನ ಒಟ್ಟು ಕಾರ್ಖಾನೆ ಉತ್ಪಾದನೆಯ ಮೌಲ್ಯದಲ್ಲಿ ಶೇ 30ರ ಆಸುಪಾಸು ಚೀನಾದ ಪಾಲು.

ಬೆಂಗಳೂರಿನ ಕಂಪನಿಯೊಂದಕ್ಕೆ ಬೇಕಾದ ಬಿಡಿಭಾಗಗಳನ್ನು ಇಲ್ಲಿ ಮಾಡಿಸಿ, ಪರೀಕ್ಷಿಸಿ, ಹಡಗಿಗೆ ಹಾಕಿಸುವುದು ನನ್ನ ಉದ್ಯೋಗ. ಹಾಗಾಗಿ ಈ ಪಾಲು ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತಿರುತ್ತೇನೆ. ಶೆಂಜೆನ್‌ನ ಗಡಿ ದಾಟಿದೊಡನೆ ಸಿಗುವ ಡಾಂಗ್‌ಗುವಾನ್‌ನ ಚಾಂಗ್‌ಆನ್ ಪಟ್ಟಣದಲ್ಲಿ ಬೀದಿಗೆ ಬೀದಿಯೇ ಅಚ್ಚು ತಯಾರಿಸುವವರದು. ಪ್ಲಾಸ್ಟಿಕ್ ಕವಚವೊಂದರ ಗೋಡೆ ತೆಳುವಾಗಿ ಬಂದರೆ ಅಚ್ಚಿನಿಂದ ಒಂದಿಷ್ಟು ಉಕ್ಕನ್ನು ಕೊರೆದು ತೆಗೆದರೆ ಸಾಕು. ದಪ್ಪವಾಗಿ ಬಂದರೆ ಮಾತ್ರ ಉಕ್ಕನ್ನು ಸೇರಿಸಬೇಕಾಗುತ್ತದೆ, ಅದು ತಲೆನೋವಿನ ಕೆಲಸ. ಇಂಥ ತೊಂದರೆ ಎದುರಾದಾಗ ನಾನು ವ್ಯವಹರಿಸುವ ವರ್ಕ್‌ಶಾಪಿನ ಯಜಮಾನರು ಯಾರನ್ನೂ ದೂರುವುದಿಲ್ಲ. ಕಂಪ್ಯೂಟರಿನ ಮುಂದಿರುವ ಹುಡುಗ ನಕ್ಷೆ ತಿದ್ದುವಷ್ಟರಲ್ಲಿ ಪಕ್ಕದ ಬೀದಿಯ ಅಂಗಡಿಯಿಂದ ಉಕ್ಕಿನ ತುಂಡು ಬಂದಿರುತ್ತದೆ; ಅದನ್ನು ಕಾಯಿಸಿ ಹದಗೊಳಿಸುವ ಕುಲುಮೆ ಎರಡು ಬೀದಿ ಆಚೆಗಿದೆ; ವಿದ್ಯುತ್ ಕಿಡಿಯಿಂದ ಉಕ್ಕು ಕೊರೆಯುವ ತಮ್ಮ ಇಡಿಎಂ ಯಂತ್ರಕ್ಕೆ ಬಿಡುವಿಲ್ಲದಿದ್ದರೆ ನೆರೆಯವರ ಯಂತ್ರ ಸಿಗುತ್ತದೆ; ಪಾಲಿಶ್ ಮಾಡುವಾತ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬಂದು ಕೂರುತ್ತಾನೆ. ಎರಡು ಮೂರು ದಿನಗಳಲ್ಲಿ ಹೊಸ ಮಾದರಿ ನನ್ನ ಕೈಯಲ್ಲಿರುತ್ತದೆ. ನಾನು ಮೊದಲು ದುಡಿದ ಪೀಣ್ಯದ ಟೂಲ್‌ರೂಮಿನಲ್ಲಿ ಜಾಣತನಕ್ಕಾಗಲಿ ಕಸುಬುದಾರರಿಗಾಗಲಿ ಕೊರತೆ ಇರಲಿಲ್ಲ, ಆದರೆ ಒಳ್ಳೆಯ ಉಕ್ಕಿಗೆ ಹೊರ ರಾಜ್ಯದಿಂದ ಬರುವ ಲಾರಿಯನ್ನು ಕಾಯಬೇಕಾಗುತ್ತಿತ್ತು.

ಈ ನೆರೆಹೊರೆ ತಾನಾಗಿ ಹುಟ್ಟಿದ್ದಲ್ಲ. 1980ರಲ್ಲಿ ಶೆಂಜೆನ್ ವಿಶೇಷ ಆರ್ಥಿಕ ವಲಯವಾದ ಮೇಲೆ ಹಾಂಗ್‌ಕಾಂಗ್‌ನ ಬಂಡವಾಳ ಗಡಿ ದಾಟಿ ಬಂತು, 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದ ಮೇಲೆ ಜಗತ್ತಿನ ಮಾರುಕಟ್ಟೆ ತೆರೆಯಿತು, 2009ರ ಹೊತ್ತಿಗೆ ಅದು ಅತಿ ದೊಡ್ಡ ರಫ್ತುದಾರ ದೇಶವಾಯಿತು. 1995ರಲ್ಲಿ ಶೆಂಜೆನ್‌ನಲ್ಲೇ ಬ್ಯಾಟರಿ ತಯಾರಿಸಲು ಆರಂಭಿಸಿದ ಬಿವೈಡಿ 2003ರಲ್ಲಿ ಕಾರಿನ ಉದ್ಯಮಕ್ಕೆ ಇಳಿಯಿತು. 2017ರ ಕೊನೆಗೆ ನಗರದ ಹದಿನಾರು ಸಾವಿರಕ್ಕೂ ಹೆಚ್ಚು ಬಸ್ಸುಗಳೆಲ್ಲ ವಿದ್ಯುತ್ತಿನಿಂದಲೇ ಓಡತೊಡಗಿದ್ದವು. ಸರ್ಕಾರದ ಸಹಾಯಧನವಿಲ್ಲದೆ ಇದು ಆಗುತ್ತಿರಲಿಲ್ಲ ಎಂಬುದನ್ನು ಇಲ್ಲಿಯವರೂ ಮುಚ್ಚಿಡುವುದಿಲ್ಲ.

ಆದರೆ ಬಲವಿರುವಲ್ಲೇ ಸಂಕಟವೂ ಇದೆ. 2021ರಲ್ಲಿ ಮನೆ ಕಟ್ಟಿ ಮಾರುವ ದೈತ್ಯ ಕಂಪನಿ ಎವರ್‌ಗ್ರಾಂಡ್ ಸಾಲ ತೀರಿಸಲಾರದೆ ಕೈಚೆಲ್ಲಿದ ಮೇಲೆ ಮನೆಗಳ ಬೆಲೆ ಕುಸಿಯಿತು, ಉಳಿತಾಯವನ್ನೆಲ್ಲ ಮನೆಗೆ ಸುರಿದಿದ್ದ ಜನ ಕೈ ಬಿಗಿಹಿಡಿದರು, ಬ್ಯಾಂಕುಗಳ ಸಾಲ ಮಾತ್ರ ಕಟ್ಟಡಗಳನ್ನು ಬಿಟ್ಟು ಕಾರ್ಖಾನೆಗಳತ್ತ ಹರಿಯಿತು. ಒಟ್ಟು ಆಂತರಿಕ ಉತ್ಪನ್ನದಲ್ಲಿ ಕುಟುಂಬಗಳ ಖರ್ಚಿನ ಪಾಲು ಇಲ್ಲಿ ಶೇ 40ರಷ್ಟೇ. ಭಾರತದಲ್ಲಿ ಅದು ಶೇ 60ರ ಹತ್ತಿರ. 2022ರಿಂದ ಜನಸಂಖ್ಯೆಯೂ ಇಳಿಯುತ್ತಿದೆ. ಹೀಗೆ ಮನೆಯಲ್ಲಿ ಖರ್ಚಾಗದ್ದೆಲ್ಲ ಹಡಗು ಹತ್ತುವುದರಿಂದ 2024ರಲ್ಲಿ ರಫ್ತು ಆಮದನ್ನು ಮೀರಿದ ಮೊತ್ತ ಒಂದು ಲಕ್ಷ ಕೋಟಿ ಡಾಲರಿನ ಸನಿಹಕ್ಕೆ ಬಂತು. ಇಷ್ಟು ಸರಕನ್ನು ಉಳಿದ ದೇಶಗಳು ಎಂದೆಂದಿಗೂ ಕೊಳ್ಳುತ್ತಲೇ ಇರುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಅಮೆರಿಕ ಮತ್ತು ಯುರೋಪ್ ಈಗಾಗಲೇ ಚೀನಾದ ವಿದ್ಯುತ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿವೆ.

ಸುಂಕದ ಗೋಡೆ ಎದ್ದಲ್ಲೆಲ್ಲ ಚೀನಾದ ಕಂಪನಿಗಳು ಗೋಡೆಯ ಒಳಗೇ ಕಾರ್ಖಾನೆ ಕಟ್ಟುತ್ತಿವೆ. ಹಂಗೇರಿ ಮತ್ತು ಬ್ರೆಜಿಲ್‌ಗಳಿಗೆ ಬಿವೈಡಿ ಹೋಗಿರುವುದು ಹೀಗೆಯೇ. ಮುಂದಿನ ದಿನಗಳಲ್ಲಿ ಈ ದೇಶ ಸಿದ್ಧ ಸರಕಿಗಿಂತ ಹೆಚ್ಚಾಗಿ, ಇತರರ ಕಾರ್ಖಾನೆಗಳಿಗೆ ಬೇಕಾದ ಯಂತ್ರ, ಕಚ್ಚಾವಸ್ತು ಮತ್ತು ತಂತ್ರಜ್ಞರನ್ನು ಒದಗಿಸುವ ಜಾಗದಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅಂದಾಜು. ಆ ಜಾಗದಲ್ಲಿ ನಿಂತವರು ನಲ್ಲಿಯನ್ನು ಮುಚ್ಚಲೂಬಲ್ಲರು. 2025ರ ಏಪ್ರಿಲಿನಲ್ಲಿ ಚೀನಾ ಕೆಲವು ಅಪರೂಪದ ಭೂಲೋಹಗಳ (ರೇರ್ ಅರ್ಥ್) ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ದೇಶದ ವಾಹನ ತಯಾರಕರು ಪರದಾಡಿದರು.

ನಮ್ಮ ಕಂಪನಿ ಮುಂದಿನ ಕವಚದ ಅಚ್ಚನ್ನು ಪೀಣ್ಯದಲ್ಲೇ ಮಾಡಿಸಲು ತೀರ್ಮಾನಿಸಿದೆ. ಅದಕ್ಕೆ ಬೇಕಾದ ಉಕ್ಕು ಮತ್ತು ಇಡಿಎಂ ಯಂತ್ರವನ್ನು ಸದ್ಯಕ್ಕೆ ಚಾಂಗ್‌ಆನ್‌ನಿಂದಲೇ ಕಳುಹಿಸುತ್ತಿದ್ದೇವೆ.