ಸುಡದ ಮನೆಯ ದೆವ್ವ

ಬೆಂಗಳೂರಿನ ಒಂದು ಆಡಿಯೋ ಕಥಾ ಸ್ಟುಡಿಯೋದಲ್ಲಿ ನಾನು ಸ್ಕ್ರಿಪ್ಟ್ ಸಂಪಾದಕಿ. ನಮ್ಮ ಧಾರಾವಾಹಿಗಳ ಕೇಳುಗರಲ್ಲಿ ಬಹುಪಾಲು ಅಮೆರಿಕದವರಾದ ಕಾರಣ, ಇಲ್ಲಿ ಕುಳಿತು ಅಲ್ಲಿಯ ಮಳೆಯನ್ನು ವರ್ಣಿಸುವುದು ನಮ್ಮ ನಿತ್ಯದ ಕಸುಬು. ದೆವ್ವದ ಕಥೆಯೊಂದಕ್ಕೆ ಜಾರ್ಜಿಯಾ ರಾಜ್ಯದ ಹಳೆಯ ಬಂದರು ನಗರ ಸವಾನಾವನ್ನು ಆರಿಸಿಕೊಂಡೆವು. ಆರಿಸಿದ ಕಾರಣವನ್ನು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ: ಹಳೆಯ ಬಂಗಲೆಗಳು, ಬೂದುಬಣ್ಣದ ಜಟೆ ಇಳಿಬಿಟ್ಟಂತೆ ಕಾಣುವ ಓಕ್ ಮರಗಳು, ದೆವ್ವಗಳನ್ನೇ ಬಂಡವಾಳ ಮಾಡಿಕೊಂಡ ರಾತ್ರಿ ಪ್ರವಾಸಗಳು. ಇಷ್ಟಿದ್ದರೆ ಕಥೆ ತಾನಾಗಿಯೇ ನಡೆದುಕೊಂಡು ಹೋಗುತ್ತದೆ ಎಂದು ನಂಬಿದ್ದೆವು.

ಮೊದಲ ಕರಡಿನಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದ 1864ರಲ್ಲಿ ಉತ್ತರದ ಪಡೆಯ ಜನರಲ್ ಷರ್ಮನ್‌ನ ಸೈನ್ಯ ಒಂದು ಬಂಗಲೆಗೆ ಬೆಂಕಿಯಿಡುತ್ತದೆ, ಮನೆಯ ಸೊಸೆ ಒಳಗೇ ಸುಟ್ಟುಹೋಗುತ್ತಾಳೆ, ಇಂದಿಗೂ ಅವಳು ಬಂದಾಗ ಹೊಗೆಯ ವಾಸನೆ ಬರುತ್ತದೆ. ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಮೂರು ಕಂತುಗಳ ಧ್ವನಿಮುದ್ರಣವೂ ಮುಗಿದ ಮೇಲೆ, ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದ ನಮ್ಮ ಪರಿಶೀಲಕಿಯಿಂದ ಒಂದೇ ಸಾಲಿನ ಟಿಪ್ಪಣಿ ಬಂತು: ಷರ್ಮನ್ ಈ ಊರನ್ನು ಸುಡಲಿಲ್ಲ.

ಅಟ್ಲಾಂಟಾದಿಂದ ಸಮುದ್ರದವರೆಗೆ ದಾರಿಯುದ್ದಕ್ಕೂ ನಾಶ ಮಾಡುತ್ತ ಬಂದ ಆ ಸೈನ್ಯಕ್ಕೆ ಸವಾನಾದ ಮೇಯರ್ ಡಿಸೆಂಬರ್ 21ರಂದು ಊರನ್ನು ಒಪ್ಪಿಸಿದನು. ಮರುದಿನವೇ ಷರ್ಮನ್ ಅಧ್ಯಕ್ಷ ಲಿಂಕನ್‌ಗೆ ತಂತಿ ಕಳುಹಿಸಿ, ಊರನ್ನೂ ಅಲ್ಲಿದ್ದ ಫಿರಂಗಿಗಳನ್ನೂ ಸುಮಾರು 25,000 ಅಂಡಿಗೆ ಹತ್ತಿಯನ್ನೂ ಕ್ರಿಸ್‌ಮಸ್ ಉಡುಗೊರೆಯಾಗಿ ಅರ್ಪಿಸಿದನು. ನಾವು ಯಾವ ಬಂಗಲೆಗಳ ಚೆಲುವಿಗೆ ಮರುಳಾಗಿ ಈ ಊರನ್ನು ಆರಿಸಿದ್ದೆವೋ ಅವೇ ನಮ್ಮ ಕಥೆ ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ನಿಂತಿದ್ದವು. ಅವು ಉಳಿದದ್ದಕ್ಕೆ ಇನ್ನೂ ಒಂದು ಕಾರಣವಿದೆ. 1954ರಲ್ಲಿ ಅಲ್ಲಿಯ ಹಳೆಯ ಮಾರುಕಟ್ಟೆಯನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಿದಾಗ ರೊಚ್ಚಿಗೆದ್ದ ಏಳು ಮಹಿಳೆಯರು ಮರುವರ್ಷ ಒಂದು ಸಂರಕ್ಷಣಾ ಸಂಸ್ಥೆ ಕಟ್ಟಿ, ಕೆಡವಲಿದ್ದ ಡೇವನ್‌ಪೋರ್ಟ್ ಮನೆಯನ್ನು ಕೊಂಡು ಉಳಿಸಿದರು.

ಮೂರೂ ಕಂತುಗಳನ್ನು ಬದಿಗಿಟ್ಟೆವು. ಎರಡನೆಯ ಸಲ ಕಥೆಗಿಂತ ಮೊದಲು ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. 1733ರಲ್ಲಿ ಊರಿನ ಸ್ಥಾಪಕ ಓಗಲ್‌ಥಾರ್ಪ್ ಹಾಕಿಕೊಟ್ಟ ಯೋಜನೆಯಂತೆ ಪ್ರತಿಯೊಂದು ಬಡಾವಣೆಯ ನಡುವೆ ಒಂದು ಚೌಕ, ಅದರ ಉತ್ತರಕ್ಕೂ ದಕ್ಷಿಣಕ್ಕೂ ಮನೆಗಳ ನಿವೇಶನಗಳು, ಪೂರ್ವ ಪಶ್ಚಿಮಗಳಲ್ಲಿ ಸಾರ್ವಜನಿಕ ಕಟ್ಟಡಗಳ ಜಾಗ. ಹೀಗೆ ಬೆಳೆದ 24 ಚೌಕಗಳಲ್ಲಿ ಇಂದು 22 ಉಳಿದಿವೆ. ಭಯ ಹುಟ್ಟಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆಯನ್ನು ನಾನು ಕಂಡಿಲ್ಲ. ಮುಖ್ಯ ರಸ್ತೆಯಲ್ಲಿ ನೇರವಾಗಿ ನಡೆದವರಿಗೆ ಕೆಲವೇ ನಿಮಿಷಗಳಲ್ಲಿ ಒಂದು ಚೌಕ ಅಡ್ಡ ಬರುತ್ತದೆ. ಅದನ್ನು ದಾಟಿದರೆ ಮತ್ತೆ ಅಂಥದೇ ಮರಗಳು, ಅಂಥವೇ ಬೆಂಚುಗಳು, ಮತ್ತೊಂದು ಚೌಕ. ಕತ್ತಲಲ್ಲಿ ಓಡುವ ಪಾತ್ರಕ್ಕೆ ತಾನು ಮುಂದೆ ಸಾಗುತ್ತಿದ್ದೇನೆಯೋ ಮೊದಲಿನ ಜಾಗಕ್ಕೇ ಮರಳಿದ್ದೇನೆಯೋ ತಿಳಿಯುವುದಿಲ್ಲ. ಇಷ್ಟಾದರೂ ಎಡವಿದೆವು: ಇಂದಿನ ಕಾಲದಲ್ಲಿ ನಡೆಯುವ ಕಥೆಯಲ್ಲಿ ಕ್ಯಾಲ್ಹೌನ್ ಸ್ಕ್ವೇರ್ ಎಂದು ಬರೆದಿದ್ದೆವು. ಗುಲಾಮಗಿರಿಯನ್ನು ಸಮರ್ಥಿಸಿದ್ದ ಆ ರಾಜಕಾರಣಿಯ ಹೆಸರನ್ನು ತೆಗೆದು, 2023ರಲ್ಲಿ ಆ ಚೌಕಕ್ಕೆ ಕಪ್ಪು ಜನಾಂಗದ ಶಿಕ್ಷಕಿ ಹಾಗೂ ದಾದಿ ಸೂಸಿ ಕಿಂಗ್ ಟೇಲರ್ ಅವರ ಹೆಸರಿಡಲಾಗಿದೆ.

ಧ್ವನಿಯ ವಿಷಯದಲ್ಲಿ ನಮ್ಮ ಸೌಂಡ್ ಡಿಸೈನರ್‌ಗೆ ತೋಳದ ಊಳು ಬೇಕೇ ಬೇಕಿತ್ತು. ‘ಮೇಡಂ, ಊಳಿಲ್ಲದೆ ರಾತ್ರಿ ಅನಿಸುವುದಿಲ್ಲ’ ಎಂದು ಎರಡು ದಿನ ವಾದಿಸಿದರು. ಕೊನೆಗೆ ಅವರೇ ನದಿಯ ಹಡಗುಗಳ ಕೂಗು, ಜೌಗಿನ ಕಪ್ಪೆಗಳ ಸದ್ದು, ಹಿಂದೆ ಹಡಗುಗಳ ತೂಕಕ್ಕೆಂದು ತುಂಬಿ ತಂದಿದ್ದ ಕಲ್ಲುಗಳನ್ನೇ ಹಾಸಿದ ಇಳಿಜಾರಿನಲ್ಲಿ ಎಡವುವ ಹೆಜ್ಜೆ, ಇವುಗಳನ್ನು ಹೊಂದಿಸಿದರು. ಮರಗಳಿಂದ ಜೋಲುವ ಸ್ಪ್ಯಾನಿಷ್ ಮಾಸ್ ಎಂಬುದನ್ನು ಲೇಖಕರು ಒದ್ದೆ ಪಾಚಿಯೆಂದು ತಿಳಿದು ತೊಟ್ಟಿಕ್ಕಿಸಿದ್ದರು. ಅದು ಪಾಚಿಯೂ ಅಲ್ಲ, ಸ್ಪೇನಿನದೂ ಅಲ್ಲ, ಅನಾನಸ್ ಕುಟುಂಬಕ್ಕೆ ಸೇರಿದ ಗಿಡ.

ಮನೆಗಳ ಜಗಲಿಯ ಒಳಮಾಡಿಗೆ ಬಳಿಯುವ ತಿಳಿನೀಲಿ ಬಣ್ಣದ ಬಗ್ಗೆ ನಾನೊಂದು ಪ್ರತ್ಯೇಕ ತಪ್ಪು ಮಾಡಿದೆ. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶದವರಾದ, ಆ ಕರಾವಳಿಯ ಗಲ್ಲಾ ಗೀಚಿ ಜನರ ನಂಬಿಕೆಯಲ್ಲಿ ಅದು ಪ್ರೇತಗಳನ್ನು ತಡೆಯುವ ಬಣ್ಣ. ತಂಡಕ್ಕೆ ಬೇಗ ಅರ್ಥವಾಗಲೆಂದು, ನಮ್ಮ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಇದ್ದ ಹಾಗೆ ಎಂದುಬಿಟ್ಟೆ. ಮುಂದಿನ ಕರಡಿನಲ್ಲಿ ಪ್ರೇತ ಬಾಗಿಲ ಬಳಿ ನಿಂತು ಮಾತಿಗೆ ಮೋಸಹೋಗಿ ಹಿಂದಿರುಗಿತ್ತು. ‘ನಾಳೆ ಬಾ’ ಓದಬಲ್ಲ ದೆವ್ವಕ್ಕೆ ಹೂಡಿದ ಉಪಾಯ; ಆ ನೀಲಿಯಾದರೋ ನೀರಿನ ಸೋಗು, ಪ್ರೇತ ನೀರನ್ನು ದಾಟಲಾರದೆಂಬ ನಂಬಿಕೆ. ಹೋಲಿಕೆ ನನಗೆ ಸುಲಭವಾಯಿತು, ಕಥೆಗೆ ದುಬಾರಿಯಾಯಿತು.

ಇಷ್ಟೆಲ್ಲ ತಿದ್ದಿದರೂ ದೆವ್ವ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಊರು ನೆಲೆಯೂರಲು ನೆರವಾದ ಯಾಮಕ್ರಾ ಎಂಬ ಮೂಲನಿವಾಸಿ ಪಂಗಡದ ಮುಖಂಡ ಟೊಮೊಚಿಚಿ 1739ರಲ್ಲಿ ತೀರಿಕೊಂಡಾಗ, ಓಗಲ್‌ಥಾರ್ಪ್ ತಾನೇ ಶವಕ್ಕೆ ಹೆಗಲು ಕೊಟ್ಟು, ಇಂದು ರೈಟ್ ಸ್ಕ್ವೇರ್ ಎನ್ನುವ ಚೌಕದಲ್ಲಿ ಹೂಳಿಸಿದನು. 1883ರಲ್ಲಿ ಅದೇ ಜಾಗದಲ್ಲಿ ರೈಲು ಕಂಪನಿಯ ಸ್ಥಾಪಕನೊಬ್ಬನಿಗೆ ಸ್ಮಾರಕ ಎದ್ದಿತು. ಮುಖಂಡನ ಪಾಲಿಗೆ 1899ರಲ್ಲಿ ಪಕ್ಕದಲ್ಲೊಂದು ಗ್ರಾನೈಟ್ ಬಂಡೆ ಬಂತು. ಲೇಖಕರು ಅವನನ್ನು ನಗಾರಿಗಳೊಂದಿಗೆ ಎಬ್ಬಿಸಲು ಹೊರಟಿದ್ದರು. ಸಮಾಧಿಯ ಗೌರವವನ್ನೇ ಕಳೆದುಕೊಂಡವನ ಬಾಯಲ್ಲಿ ನಾವು ಸಂಭಾಷಣೆ ತುರುಕುವುದು ನನಗೆ ಸರಿಕಾಣಲಿಲ್ಲ.

ಷರ್ಮನ್‌ನ ತಂತಿಯಲ್ಲಿದ್ದ ಹತ್ತಿಯನ್ನು ಬೆಳೆದವರು ಯಾರು ಎಂದು ಹುಡುಕುತ್ತ ಹೋದಾಗ 1859ರ ಮಾರ್ಚ್ 2 ಮತ್ತು 3ಕ್ಕೆ ಬಂದು ನಿಂತೆ. ಪಿಯರ್ಸ್ ಬಟ್ಲರ್ ಎಂಬ ಜಮೀನ್ದಾರ ಸಾಲ ತೀರಿಸಲೆಂದು ತನ್ನ ಭತ್ತ ಮತ್ತು ಹತ್ತಿ ತೋಟಗಳ 436 ಗುಲಾಮರನ್ನು ಸವಾನಾದ ಕುದುರೆ ಪಂದ್ಯದ ಮೈದಾನದಲ್ಲಿ ಹರಾಜಿಗಿಟ್ಟನು. ಎರಡು ದಿನವೂ ಮಳೆ ಸುರಿಯಿತು. ಅದನ್ನು ಇಂದಿಗೂ ಅಳುವಿನ ಕಾಲ ಎನ್ನುತ್ತಾರೆ. ಹರಾಜಿನ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ವಯಸ್ಸು ಮತ್ತು ಕೆಲಸ ನಮೂದಾಗಿತ್ತು. ಲೇಖಕರು ಆ ಮೈದಾನದಲ್ಲಿ ನೂರು ಕಂಠಗಳ ರೋದನ ಬೇಕೆಂದರು. ಪರಿಶೀಲಕಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅಳುವನ್ನು ಹಿನ್ನೆಲೆ ಸಂಗೀತವಾಗಿಸಿದರೆ ಆ ಜನರನ್ನು ಇನ್ನೊಮ್ಮೆ ಮಾರಿದಂತೆಯೇ ಸರಿ. ಹೀಗಾಗಿ ನಮ್ಮ ಕಥೆಯ ಪ್ರೇತ ಮಾರಾಟವಾದವರದಲ್ಲ, ಬೆಲೆ ಬರೆದುಕೊಂಡ ಗುಮಾಸ್ತನದು. ಅವನು ಕಲ್ಪಿತ. ಹಳೆಯ ಮನೆಯೊಂದರ ಮಹಡಿಯಲ್ಲಿ ರಾತ್ರಿಯಿಡೀ ಎಣಿಸುತ್ತಾನೆ; 435ಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರುಮಾಡುತ್ತಾನೆ. ಇಡೀ ಧಾರಾವಾಹಿಯಲ್ಲಿ ಅವನಿಗಿರುವುದು ಲೇಖನಿ ಕಾಗದದ ಮೇಲೆ ಗೀಚುವ ಸದ್ದು ಮಾತ್ರ.

ಆ ಸದ್ದನ್ನು ಸೌಂಡ್ ಡಿಸೈನರ್ ಹಕ್ಕಿಯ ಗರಿಯಿಂದ ಬರೆದು ಮುದ್ರಿಸಿಕೊಂಡಿದ್ದರು. ಪರಿಶೀಲಕಿಯಿಂದ ಮತ್ತೆ ಒಂದು ಸಾಲು ಬಂತು: 1859ರ ಹೊತ್ತಿಗೆ ಗುಮಾಸ್ತರ ಕೈಯಲ್ಲಿ ಉಕ್ಕಿನ ನಿಬ್ ಇರುತ್ತಿತ್ತು. ಅವೆನ್ಯೂ ರಸ್ತೆಯಲ್ಲಿ ನಿಬ್ ಹುಡುಕಿ ತಂದು, ಹನ್ನೆರಡು ಕಂತುಗಳ ಗೀಚುವಿಕೆಯನ್ನೂ ಮರುಮುದ್ರಿಸಿದೆವು.