ಥೊರಾಂಗ್ ಲಾ ದಾಟದೆ ಹಿಂದಿರುಗಿದ್ದು

ಅನ್ನಪೂರ್ಣ ಸರ್ಕ್ಯೂಟ್ ಎಂದು ಹೆಸರಾದ ಚಾರಣದ ಹಾದಿಯು ನೇಪಾಳದ ಬೇಸಿಶಹರದಿಂದ ಮರ್ಸ್ಯಾಂಗ್ದಿ ನದಿಯ ಕಣಿವೆ ಹಿಡಿದು ಏರುತ್ತ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಪಾಸ್ (ಬೆಟ್ಟಸಾಲನ್ನು ದಾಟುವ ಕಣಿವೆದಾರಿ) ದಾಟಿ, ಆಚೆಗಿರುವ ಯಾತ್ರಾಸ್ಥಳ ಮುಕ್ತಿನಾಥಕ್ಕೆ ಇಳಿಯುತ್ತದೆ. ಕಳೆದ ಅಕ್ಟೋಬರಿನಲ್ಲಿ ಗೆಳೆಯನೊಬ್ಬನ ಜೊತೆ ಈ ಹಾದಿಗೆ ಹೋಗಿದ್ದ ನಾನು ಪಾಸ್ ದಾಟಲಿಲ್ಲ. ಸುಮಾರು 4,050 ಮೀಟರ್ ಎತ್ತರದ ಯಾಕ್ ಖರ್ಕದಿಂದಲೇ ಹಿಂದಿರುಗಿದೆ. ಯಾರೂ ನನ್ನನ್ನು ಹೊತ್ತು ಇಳಿಸಲಿಲ್ಲ, ಹೆಲಿಕಾಪ್ಟರ್ ಬರಲಿಲ್ಲ. ಮುಂದೆ ಹೋಗುವ ಅವಕಾಶ ಇನ್ನೂ ಇದ್ದಾಗಲೇ ತೆಗೆದುಕೊಂಡ ತೀರ್ಮಾನವಾದ್ದರಿಂದಲೇ ಅದರ ಬಗ್ಗೆ ಬರೆಯಬೇಕೆನಿಸಿತು.

ಮನಾಂಗ್‌ನಲ್ಲಿ, ಅಂದರೆ 3,540 ಮೀಟರ್ ಎತ್ತರದಲ್ಲಿ, ವಾಡಿಕೆಯಂತೆ ಒಂದು ಹೆಚ್ಚಿನ ದಿನ ತಂಗಿ ದೇಹವನ್ನು ಒಗ್ಗಿಸಿಕೊಂಡೇ ಹೊರಟಿದ್ದೆವು. ಯಾಕ್ ಖರ್ಕ ತಲುಪಿದ ಸಂಜೆ ತಲೆನೋವು ಶುರುವಾಯಿತು; ರಾತ್ರಿ ಊಟ ಸೇರಲಿಲ್ಲ, ತಿಂದಷ್ಟು ವಾಂತಿಯಾಯಿತು, ನಿದ್ದೆಯಂತೂ ಬರಲೇ ಇಲ್ಲ. ಬೆಳಿಗ್ಗೆ ನಮ್ಮ ಗೈಡ್ ನನ್ನನ್ನು ಲಾಡ್ಜಿನ ಅಂಗಳದಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಗೆರೆ ಎಳೆದಂತೆ ನಡೆಯಲು ಹೇಳಿದರು. ಆ ನಡಿಗೆಯಲ್ಲಿ ತೂರಾಡಿದರೆ ಮಿದುಳಿನಲ್ಲಿ ಊತ ಬಂದಿರುವ ಶಂಕೆ. ಆಗ ಚರ್ಚೆಗೆ ಜಾಗವಿಲ್ಲ, ತಕ್ಷಣ ಇಳಿಯಬೇಕು. ನಾನು ನೆಟ್ಟಗೆ ನಡೆದೆ. ಹಾಗಾಗಿ ನನಗಿದ್ದದ್ದು ಎತ್ತರದ ಕಾಯಿಲೆಯ, ಅಂದರೆ ತೆಳುವಾದ ಗಾಳಿಗೆ ದೇಹ ಒಗ್ಗದೆ ಬರುವ ಕಾಯಿಲೆಯ, ಸೌಮ್ಯ ರೂಪ ಮಾತ್ರ ಎಂದಾಯಿತು, ಮತ್ತು ತೀರ್ಮಾನ ನನ್ನ ಪಾಲಿಗೇ ಉಳಿಯಿತು.

ನಮ್ಮ ಕಡೆಯ ಚಾರಣಿಗರಿಗೆ ಇದು ಬೇಗ ಅರ್ಥವಾಗುವ ಸಂಗತಿಯಲ್ಲ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಕುಕ್ಕೆಯಿಂದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿಯುವವನ ಕಾಲಿಗೆ ಎಷ್ಟೇ ಕಸುವಿದ್ದರೂ, ತೆಳುವಾದ ಗಾಳಿಗೆ ಅವನ ದೇಹ ಎಷ್ಟು ಬೇಗ ಒಗ್ಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಕಸುವುಳ್ಳವರೇ ಬೇಗ ಬೇಗ ಏರಿ ಹೆಚ್ಚು ತೊಂದರೆಗೆ ಸಿಲುಕುವುದೂ ಉಂಟು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಋತುಗಳಲ್ಲಿ ಮನಾಂಗ್‌ನಲ್ಲಿ ವೈದ್ಯರಿರುವ ಒಂದು ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಅಲ್ಲಿ ಕೊಡುವ ತಿಳಿವಳಿಕೆಯ ಸಾರವಿಷ್ಟು: ಲಕ್ಷಣಗಳಿರುವಾಗ ಇನ್ನೂ ಎತ್ತರಕ್ಕೆ ಹೋಗಿ ಮಲಗಬಾರದು, ಉಲ್ಬಣಿಸಿದರೆ ಇಳಿಯಬೇಕು. ಈ ನಿಯಮದ ಪ್ರಕಾರ ನಾನು ಯಾಕ್ ಖರ್ಕದಲ್ಲೇ ಒಂದು ದಿನ ಕಾದು, ಗುಣವಾದರೆ ಮುಂದುವರಿಯಬಹುದಿತ್ತು. ಗೆಳೆಯನ ಸಲಹೆಯೂ ಅದೇ ಆಗಿತ್ತು.

ಆದರೆ ಕಾದ ಮೇಲೆ ಬರುವುದೇನು ಎಂದು ನೋಡಿದಾಗ ಲೆಕ್ಕ ಬೇರೆಯಾಗಿ ಕಂಡಿತು. ಪಾಸ್‌ನ ಬುಡದ ತಂಗುದಾಣವಾದ ಥೊರಾಂಗ್ ಫೇದಿಯಲ್ಲಿ ಒಂದು ರಾತ್ರಿ ಕಳೆದು, ನಸುಕಿಗೂ ಮುನ್ನ ಎದ್ದು ಸುಮಾರು ಒಂಬೈನೂರು ಮೀಟರ್ ಏರಬೇಕು. ಅದೇ ದಿನ ಆಚೆ ಬದಿಗೆ ಸಾವಿರದಾರುನೂರು ಮೀಟರ್ ಇಳಿಯಬೇಕು. ಪಾಸ್‌ನ ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಎತ್ತರದ ಕಾಯಿಲೆಗೆ ಖಚಿತವಾದ ಮದ್ದು ಇಳಿಯುವುದೊಂದೇ ಆಗಿರುವಾಗ, ಅಲ್ಲಿ ಕೆಟ್ಟರೆ ಯಾವ ಕಡೆಗೆ ಹೊರಟರೂ ದಾರಿ ಉದ್ದ. ಸಾಲದ್ದಕ್ಕೆ, ನಾವು ದಾಟಬಹುದಾಗಿದ್ದ ದಿನಗಳಿಗೆ ಹಿಮ ಬೀಳುವ ಮುನ್ಸೂಚನೆಯಿತ್ತು. ಹುಡ್‌ಹುಡ್ ಚಂಡಮಾರುತ 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಎರಡೇ ದಿನಗಳಲ್ಲಿ ಅದರ ಶೇಷ ಇಲ್ಲಿ ಹಿಮಬಿರುಗಾಳಿಯಾಗಿ ಎರಗಿ, ಈ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಈ ಬಾರಿಯ ಮುನ್ಸೂಚನೆ ಅಷ್ಟು ಭೀಕರವಾಗಿರಲಿಲ್ಲ, ನಿಜ. ಆದರೆ ಅರೆಗುಣವಾದ ತಲೆಯನ್ನು ಹೊತ್ತು ಹಿಮದಲ್ಲಿ ನಿಧಾನವಾಗುವವನು ತನ್ನ ಜೊತೆಗಾರರನ್ನೂ ನಿಧಾನಿಸುತ್ತಾನೆ ಎಂಬ ಅಂಶ ನನಗೆ ಮುನ್ಸೂಚನೆಗಿಂತ ಭಾರವಾಗಿ ಕಂಡಿತು.

ಇಷ್ಟಾದರೂ ನನ್ನನ್ನು ಎಳೆಯುತ್ತಿದ್ದದ್ದು ಒಂದೇ: ಮುಕ್ತಿನಾಥ. ರಜೆ, ಖರ್ಚು, ಆಫೀಸಿನವರ ಕುತೂಹಲ ಇವೆಲ್ಲ ಒಂದು ಹಗಲಿನಲ್ಲಿ ಕರಗುವಂಥವು. ನಮ್ಮ ದೇವರ ಮನೆಯಲ್ಲಿರುವ ಸಾಲಿಗ್ರಾಮ ಗಂಡಕಿಯದು ಎಂದು ಅಜ್ಜನ ಕಾಲದಿಂದ ಹೇಳಿಕೊಂಡು ಬಂದಿರುವುದರಿಂದ, ಆ ನದಿಯ ಸೀಮೆಯನ್ನು ನಡೆದೇ ಸೇರಿ, ದೇವಸ್ಥಾನದ ನೂರೆಂಟು ಧಾರೆಗಳ ನೀರನ್ನು ಅಮ್ಮನಿಗೆ ತರುವುದಾಗಿ ಹೇಳಿ ಬಂದಿದ್ದೆ. ಲಾಡ್ಜಿನ ಒಲೆಯ ಪಕ್ಕದಲ್ಲಿ ಕೂತು ಯೋಚಿಸುವಾಗ ಹೊಳೆದದ್ದೆಂದರೆ, ಪಾಸ್ ದಾಟುವ ಆಸೆ ನನ್ನದು, ತೀರ್ಥದ ಆಸೆ ಅಮ್ಮನದು. ಎರಡನ್ನೂ ಸೇರಿಸಿ ಗಂಟು ಹಾಕಿದ್ದವನು ನಾನು. ಮುಕ್ತಿನಾಥಕ್ಕೆ ಪೋಖರಾದಿಂದ ಜೋಮ್‌ಸೋಮ್ ಮಾರ್ಗವಾಗಿ ಜೀಪು ಹೋಗುತ್ತದೆ. ನಮ್ಮೂರಿನ ಎಷ್ಟೋ ಹಿರಿಯರು ಹಾಗೆಯೇ ಹೋಗಿ ಬಂದಿದ್ದಾರೆ. ಗಂಟು ಬಿಚ್ಚಿದ ಮೇಲೆ ಉಳಿದದ್ದು ಪಾಸ್ ದಾಟುವ ಆಸೆಯೊಂದೇ, ಮತ್ತು ಅಷ್ಟಕ್ಕಾಗಿ ಆ ಸ್ಥಿತಿಯಲ್ಲಿ ಏರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಅಸ್ವಸ್ಥರನ್ನು ಒಬ್ಬಂಟಿಯಾಗಿ ಇಳಿಸಬಾರದಾದ್ದರಿಂದ ಗೈಡ್ ನನ್ನ ಜೊತೆ ಹೊರಟರು. ಗೆಳೆಯ ಅದೇ ಲಾಡ್ಜಿನಲ್ಲಿದ್ದ ಪುಣೆಯ ತಂಡವೊಂದನ್ನು, ಅವರ ಗೈಡ್ ಒಪ್ಪಿದ ಮೇಲೆ, ಸೇರಿಕೊಂಡ. ಅವನೂ ನನ್ನ ಜೊತೆ ಇಳಿಯುವೆನೆಂದು ಹಟ ಹಿಡಿದಿದ್ದ. ಅದನ್ನು ಬಿಡಿಸುವುದು ನನ್ನ ತೀರ್ಮಾನಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ ಮನಾಂಗ್ ತಲುಪುವಷ್ಟರಲ್ಲಿ ನನ್ನ ತಲೆನೋವು ಬಹುಪಾಲು ಇಳಿದಿತ್ತು, ದಾಲ್ ಭಾತ್ ಎರಡನೆಯ ಸಲ ಹಾಕಿಸಿಕೊಂಡು ಉಂಡೆ. ಇಷ್ಟು ಬೇಗ ಗುಣವಾದದ್ದನ್ನು ಕಂಡು ಮತ್ತೆ ಏರೋಣವೇ ಎಂಬ ಯೋಚನೆ ಸುಳಿಯದೆ ಇರಲಿಲ್ಲ. ಆದರೆ ಹಾಗೆ ಮಾಡಲು ಬೇಕಾದಷ್ಟು ದಿನಗಳು ವಿಮಾನದ ಟಿಕೆಟ್ಟಿನ ಈಚೆಗೆ ಉಳಿದಿರಲಿಲ್ಲ. ಮರುದಿನ ಬೇಸಿಶಹರಕ್ಕೆ ಜೀಪು ಹಿಡಿದೆವು.

ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಮೊದಲು ಕೇಳಿದ್ದು, ಜೀಪು ಹೋಗುವುದಾದರೆ ತನ್ನನ್ನೇಕೆ ಕರೆದುಕೊಂಡು ಹೋಗಬಾರದು ಎಂದು. ಬರುವ ವರ್ಷಕ್ಕೆ ಹಾಗೆಯೇ ಗೊತ್ತುಮಾಡುತ್ತಿದ್ದೇವೆ. ಪೋಖರಾದಿಂದ ನೇರವಾಗಿ ಮೇಲಕ್ಕೆ ಹೋಗದೆ, ಸುಮಾರು 2,700 ಮೀಟರ್ ಎತ್ತರದ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ ತಂಗಿ, ಮುಕ್ತಿನಾಥದ ದರ್ಶನ ಮುಗಿಸಿ ಅದೇ ದಿನ ಕೆಳಗಿಳಿದು ಮಲಗುವುದು ಎಂಬುದಷ್ಟೇ ನಾನು ಹಾಕಿರುವ ಷರತ್ತು.